ಬಿಸಿಲಿಗೆ ಹಾಕಿದ ಬ್ಯಾಟ್ರಿ

ನಮ್ಮ ಮನೆಯಲ್ಲಿ ಸತ್ತ ವಸ್ತುವಿಗೆಲ್ಲ ಒಂದೊಂದು ಗತಿ ಇದೆ. ಹರಿದ ಸೀರೆ ಮೊದಲು ಕೌದಿಗೆ ಹೋಗುತ್ತದೆ. ಕೌದಿ ಹರಿದರೆ ಮಸಿಬಟ್ಟೆಯಾಗುತ್ತದೆ. ಮಸಿಬಟ್ಟೆಯೂ ಜೂಲಾದರೆ ಬಚ್ಚಲೊಲೆ ಇದ್ದೇ ಇದೆ. ತೂತುಬಿದ್ದ ಕೊಡದಲ್ಲಿ ತುಳಸಿ ಬೆಳೆದಿದೆ. ದೇವರ ತಲೆಯಿಂದ ಇಳಿದ ಬಾಡುಹೂವಿಗೆ ನಾಲೆಯ ನೀರು. ಗತಿಯಿಲ್ಲದೆ ಕೂತಿರುವುದು ಒಂದೇ ಒಂದು: ಹೆಬ್ಬೆರಳಿನಷ್ಟು ದಪ್ಪದ, ಮೈಗೆ ನೀಲಿ ಪ್ಲಾಸ್ಟಿಕ್ಕಿನ ಅಂಗಿ ತೊಟ್ಟ, ಚಾರ್ಜು ಮಾಡುವ ಟಾರ್ಚಿನ ಲಿಥಿಯಂ ಸೆಲ್ಲು. ಅದು ಸತ್ತು ಎರಡು ವರ್ಷದ ಮೇಲಾಯಿತು.

ಒಲೆಗೆ ಹಾಕಿದರೆ ಸಿಡಿಯುತ್ತದಂತೆ. ತಿಪ್ಪೆಗೆ ಎಸೆದರೆ ಒಣಹುಲ್ಲಿಗೆ ಬೆಂಕಿ ಹತ್ತೀತಂತೆ. ಹೂತರೆ ಮಣ್ಣು ಕೆಡುತ್ತದಂತೆ. ಮೊನ್ನೆ ಗುಜರಿಯವನು ಬಂದಾಗ ತೋರಿಸಿದೆ. ತಕ್ಕಡಿ ಹಿಡಿದು ಮುಂದೆ ಬಂದವನು ಅದನ್ನು ಕಂಡು ಹಿಂದಕ್ಕೆ ಸರಿದ.

"ಹಳೇ ಕಬ್ಬಿಣ ಕೊಡ್ರಿ ಅಮ್ಮ, ಪೇಪರ್ ಕೊಡ್ರಿ, ಬೇಕಾದ್ರೆ ಯಜಮಾನ್ರನ್ನೇ ಕೊಡ್ರಿ, ತಗಂಡು ಹೋಗ್ತೀನಿ. ಇದೊಂದು ಬ್ಯಾಡ. ಹೋದ್ಸಲ ಇಂಥದ್ದೇ ಒಂದು ನನ್ನ ಚೀಲಕ್ಕೆ ಬೆಂಕಿ ಹಚ್ಚಿಬಿಡ್ತು."

"ಯಜಮಾನ್ರ ಕಾಲಾಗೆ ರಾಡ್ ಐತೆ ಕಣಪ್ಪ, ಕಬ್ಬಿಣದ ರೇಟು ಸಿಗ್ತದೆ" ಅಂದೆ.

ಗುಜರಿಯವನು ನಕ್ಕ, ನಾನೂ ನಕ್ಕೆ. ಜಗಲಿಯ ಮೇಲೆ ಕೂತಿದ್ದ ಯಜಮಾನರು ನಗಲಿಲ್ಲ. ಆ ರಾಡಿಗೂ ಈ ಸೆಲ್ಲಿಗೂ ಒಂದೇ ಕಥೆ. ಹೇಳುತ್ತೇನೆ. ಆದರೆ ನನ್ನ ಮಾತು ನೇರ ದಾರಿಯಲ್ಲಿ ನಡೆಯುವುದಿಲ್ಲ. ಹೆಂಗಸರು ಸೊಪ್ಪು ಸೋಸುತ್ತಾ ಆಡುವ ಮಾತು ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ, ಹಾಗೆ.

ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುತ್ತೇವೆ. ಅದರ ಹೊಟ್ಟೆಯೊಳಗೆ ಇರುವುದು ಸೆಲ್ಲು. ತುರುವನೂರಿನಲ್ಲಿ ನನ್ನ ಅಪ್ಪನ ಹತ್ತಿರ ಮೂರು ಸೆಲ್ಲಿನ ಹಿತ್ತಾಳೆ ಬಣ್ಣದ ಬ್ಯಾಟ್ರಿ ಇತ್ತು. ಕುರಿ ಇದ್ದ ಮನೆ. ಕುರಿ ಎಷ್ಟು ಮುಖ್ಯವೋ ಬ್ಯಾಟ್ರಿಯೂ ಅಷ್ಟೇ ಮುಖ್ಯ. ಅಪ್ಪ ಮಲಗಿದಾಗ ಅದು ಅವರ ತಲೆದಿಂಬಿನ ಕೆಳಗೆ, ಎದ್ದಾಗ ಅವರ ಕಂಬಳಿಯ ಗಂಟಿನಲ್ಲಿ. ಅವರು ಸ್ನಾನಕ್ಕೆ ಹೋದ ಹೊತ್ತು ಮಾತ್ರ ನಮ್ಮದು. ನಾನು ಅಂಗೈಗೆ ಒತ್ತಿ ಗುಂಡಿ ಅದುಮುತ್ತಿದ್ದೆ. ಬೆರಳುಗಳೆಲ್ಲ ಕೆಂಪಗೆ, ದಾಸವಾಳದ ಎಸಳಿನ ಹಾಗೆ. ನನ್ನ ಮೈಯೊಳಗೆ ದೇವರು ಒಂದು ದೀಪ ಇಟ್ಟಿದ್ದಾನೆ, ಅದು ಈಗ ಕಾಣಿಸಿತು ಅಂದುಕೊಳ್ಳುತ್ತಿದ್ದೆ. ತಮ್ಮ ತಿಪ್ಪೇಶ ಅದನ್ನು ಬಾಯಿಗೇ ಇಟ್ಟುಕೊಂಡು ಎರಡು ಕೆನ್ನೆ ಕೆಂಡ ಮಾಡಿಕೊಂಡು ಅವ್ವನ ಮುಂದೆ ನಿಲ್ಲುತ್ತಿದ್ದ. ಅವ್ವ "ಥೂ ಮುಂಡೇದೇ, ಎಂಜಲು!" ಎಂದು ಸೌಟು ಎತ್ತುತ್ತಿದ್ದಳು.

ಬೆಳಕು ಮಂಕಾದರೆ ಅವ್ವ ಸೆಲ್ಲುಗಳನ್ನು ಬಿಚ್ಚಿ ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಸಾಲಾಗಿ ಒಣಹಾಕುತ್ತಿದ್ದಳು. ಸಂಜೆ ತೆಗೆದರೆ ಕೈ ಸುಡುವಷ್ಟು ಬಿಸಿ. ಬ್ಯಾಟ್ರಿಗೆ ಹಾಕಿದರೆ, ಮುದುಕಿ ಮದುವೆಗೆ ಎದ್ದು ಕೂತ ಹಾಗೆ, ಒಂದಷ್ಟು ಹೊತ್ತು ಬೆಳಕು ಬರುತ್ತಿತ್ತು. ಆಮೇಲೆ ಹಲ್ಲಿನಿಂದ ಕಚ್ಚಿ ಮೆತ್ತಗೆ ಮಾಡಿ ಇನ್ನೊಂದು ದಿನ. ಅದೂ ಮುಗಿದರೆ ಒಡೆದು ಒಳಗಿನ ಕರಿ ಕಡ್ಡಿಯಿಂದ ಅಂಗಳದಲ್ಲಿ ಕುಂಟಾಬಿಲ್ಲೆ ಮನೆ ಬರೆಯುವುದು. ಬಿಸಿಲಿಗೆ ಹಾಕಿದರೆ ಸರಿಹೋಗದ್ದು ಆ ಕಾಲದಲ್ಲಿ ಯಾವುದಿತ್ತು ಹೇಳಿ? ಹುಳ ಬಿದ್ದ ಅಕ್ಕಿ, ಮುಗ್ಗಲು ಹಾಸಿಗೆ, ಎಣ್ಣೆ ಹಚ್ಚಿದ ಕೂಸು, ಸೊಂಟ ಹಿಡಿದ ಅಜ್ಜಿ, ಸೆಲ್ಲು. ಚಿತ್ರದುರ್ಗದ ಬಿಸಿಲಿಗೆ ನಾವು ಬೈಯುವುದೂ ಅಷ್ಟೇ, ಅದರಿಂದ ದುಡಿಸಿಕೊಳ್ಳುವುದೂ ಅಷ್ಟೇ.

ಇನ್ನೊಂದು ಚಾಳಿ ನಮ್ಮಲ್ಲಿದೆ. ಒಳ್ಳೆಯದನ್ನು ಎತ್ತಿಡುವುದು. ಒಳ್ಳೆ ಲೋಟ ನೆಂಟರಿಗೆ, ಒಳ್ಳೆ ಚಾಪೆ ಅಟ್ಟಕ್ಕೆ, ಒಳ್ಳೆ ಮಾತು ಹೆಣದ ಮುಂದಕ್ಕೆ. ನಾನೇನು ಕಡಿಮೆಯಲ್ಲ. ನನ್ನ ಧಾರೆ ಸೀರೆಯನ್ನು ಹಾಳಾಗಬಾರದೆಂದು ಮಡಿಸಿ, ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಟ್ಟವಳು. ಬಹಳ ವರ್ಷದ ಮೇಲೆ ಒಂದು ಗೃಹಪ್ರವೇಶಕ್ಕೆಂದು ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಕತ್ತರಿಸಿದ ಹಾಗೆ ಸೀಳಿತ್ತು. ಉಟ್ಟು ಹರಿದಿದ್ದರೆ ಒಂದು ಸುಖವಾದರೂ ಉಳಿಯುತ್ತಿತ್ತು. ಆವತ್ತು ಅತ್ತಿದ್ದೆ, ಆಮೇಲೆ ಕಣಿವೆ ಮಾರಮ್ಮನಿಗೆ ಕೈ ಮುಗಿದು, ತಾಯಿ, ಸೀರೆಯಲ್ಲೇ ಮುಗಿಸಿದೆಯಲ್ಲ, ಅಷ್ಟು ಸಾಕು ಅಂದೆ. ಅಲ್ಲಿಗೆ ಮುಗಿದಿರಲಿಲ್ಲ.

ನಮ್ಮೂರು ಇರುವುದು ಮಾರಿಕಣಿವೆ ನಾಲೆಯ ಬದಿಗೆ. ಯಜಮಾನರು ನೀರುಗಂಟಿ. ನಾಲೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವುದು ಅವರ ಕೆಲಸ. ನಸುಕಿನಲ್ಲೇ ಏಳಬೇಕು, ನಾಲೆಯ ಏರಿಯ ಮೇಲೆ ಹುಲ್ಲು, ಹುಲ್ಲಿನೊಳಗೆ ಹುಳಹುಪ್ಪಟೆ. ಬ್ಯಾಟ್ರಿ ಇಲ್ಲದೆ ಆಗದು. ಮನೆಯಲ್ಲಿ ನಾವಿಬ್ಬರು ಮತ್ತು ಅವರ ಅಕ್ಕ ದ್ಯಾಮಕ್ಕ. ಗಂಡ ತೀರಿದ ಮೇಲೆ ದ್ಯಾಮಕ್ಕ ತಮ್ಮನ ಮನೆಗೆ ಬಂದು ನೆಲೆಸಿದವರು. ಕೈ ಬಿಗಿ, ಬಾಯಿ ಸಡಿಲ.

ನನ್ನ ಕಡೆಗೆ ಉಳಿದವನು ತಿಪ್ಪೇಶ ಒಬ್ಬನೇ. ಅಪ್ಪ ಅವ್ವ ಹೋದರು, ತುರುವನೂರಿನ ಮನೆ ದಾಯಾದಿಗಳ ಪಾಲಾಯಿತು. ಅವನು ಹೊಳಲ್ಕೆರೆಯಲ್ಲಿ ಸಂಸಾರ ಮಾಡಿಕೊಂಡು, ಅಲ್ಲಿಯ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕಾವಲುಗಾರ. ವರ್ಷಕ್ಕೊಮ್ಮೆ ನಾಗರಪಂಚಮಿಗೆ ನಮ್ಮ ಮನೆಗೆ ಬರುತ್ತಾನೆ. ಹುತ್ತಕ್ಕೆ ಎರೆದ ಹಾಲಿನಲ್ಲಿ ಒಂದಿಷ್ಟನ್ನು ಒಡಹುಟ್ಟಿದವನ ಬೆನ್ನಿಗೆ ಮುಟ್ಟಿಸಿ ಹರಸುವುದು ನಮ್ಮ ಪದ್ಧತಿ, ಅದಕ್ಕೆ ಬರುವುದು. ನನ್ನ ತವರು ಬಸ್ಸಿನಲ್ಲಿ ಬರುತ್ತದೆ, ಉಂಡು, ಬಸ್ಸಿನಲ್ಲೇ ಹೋಗುತ್ತದೆ. ಆ ಬಸ್ಸು ನಿಲ್ಲಬಾರದು ಅನ್ನುವುದೊಂದೇ ದೇವರಲ್ಲಿ ನಾನು ನನಗಾಗಿ ಕೇಳಿದ್ದು. ಮಿಕ್ಕದ್ದೆಲ್ಲ ಮನೆಮಂದಿಗಾಗಿ ಕೇಳಿದ್ದೇನೆ.

ಒಂದು ಪಂಚಮಿಗೆ ಬಂದವನು ಬಾವನಿಗೆಂದು ಹೊಸ ಬ್ಯಾಟ್ರಿ ತಂದ. ಗಿಡ್ಡಗೆ, ಕರ್ರಗೆ, ಮುಷ್ಟಿಯಲ್ಲಿ ಅಡಗುವಂಥದ್ದು. ಒಂದೇ ಅಂಗಡಿಯಲ್ಲಿ ಜೋಡಿ ತೆಗೆದುಕೊಂಡಿದ್ದನಂತೆ. ಒಂದು ಅವನ ಸೊಂಟದಲ್ಲಿ, ಒಂದು ಇವರಿಗೆ. ಗುಂಡಿ ಅದುಮಿದರೆ ನಾಲೆಯಾಚೆಯ ಹುಣಸೆಮರದ ಎಲೆ ಎಣಿಸಬಹುದು.

"ಅಕ್ಕ, ನೀನು ಕೇಳಿಸ್ಕ, ಬಾವಂಗೆ ತಾಳ್ಮೆ ಇರಲ್ಲ" ಅಂದ. "ಇದು ಹಳೇ ಸೆಲ್ಲಲ್ಲ. ಬಿಸಿಲು ಆಗಲ್ಲ, ಒಲೆ ಹತ್ರ ಆಗಲ್ಲ. ಪೂರ್ತಿ ಖಾಲಿ ಮಾಡಿ ಇಡಬ್ಯಾಡ್ರಿ. ಬಳಸದೆ ಎತ್ತಿಡೋದಾದ್ರೆ ಪೂರ್ತಿ ತುಂಬಿನೂ ಇಡಬ್ಯಾಡ್ರಿ. ಅರ್ಧ ಇರಲಿ. ಹಿಂದಿನ ಮುಚ್ಚಳ ಒಂದು ಸುತ್ತು ಸಡಿಲ ಮಾಡಿಟ್ರೆ ಒಳಗೊಳಗೇ ಸೋರಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ ಅದರ ಮುಖ ನೋಡಿ, ಇಳಿದಿದ್ರೆ ಒಂಚೂರು ಹಾಕ್ರಿ. ಅಷ್ಟೇ."

"ಇದೇನಪ್ಪ, ಬಾಣಂತಿ ಪಥ್ಯ ಆತಲ್ಲ!" ಅಂದರು ದ್ಯಾಮಕ್ಕ. "ಬಿಸಿಲು ತಾಗಬಾರ್ದು, ಬೆಂಕಿ ತಾಗಬಾರ್ದು, ಹೊಟ್ಟೆ ಹಸಿಬಾರ್ದು, ಬಿರಿಬಾರ್ದು."

"ಹೂಂನಕ್ಕ, ಹಂಗೇ ನೋಡ್ಕಳ್ರಿ" ಎಂದು ತಿಪ್ಪೇಶ ನಕ್ಕ.

ಯಜಮಾನರು ಆಗಲೇ ಹೊರಗೆ ಹೋಗಿ ಎದುರುಮನೆಯ ಮಾಡಿನ ಮೇಲೆ ಬೆಳಕು ಬಿಟ್ಟು ಬೆಕ್ಕನ್ನು ಓಡಿಸುತ್ತಿದ್ದರು.

ಒಂದು ವಾರ ಊರಿಗೆಲ್ಲ ಪ್ರದರ್ಶನವಾಯಿತು. ಗುಡ್ಡಕ್ಕೆ ಬಿಟ್ಟರು, ಮೋಡಕ್ಕೆ ಬಿಟ್ಟರು, ಬಂದವರ ಕಣ್ಣಿಗೂ ಬಿಟ್ಟರು. ಕೊನೆಗೆ ಅದು ಎರಡು ಸಲ ಮಿಣುಕಿ ಆರಿತು. "ಸರಿ, ಇನ್ನು ಎತ್ತಿಡು. ದಿನಾ ಬಳಸಿ ಹಾಳು ಮಾಡಾದು ಬ್ಯಾಡ. ನಾಲೆ ಕಡೀಕೆ ಹಳೇದೇ ಸಾಕು" ಅಂದರು.

"ಒಂಚೂರು ಚಾರ್ಜು ಮಾಡಿ ಇಡ್ತೀನಿ. ತಿಪ್ಪೇಶ ಹೇಳಿಲ್ವಾ, ಖಾಲಿ ಇಡಬಾರ್ದು ಅಂತ?"

"ಖಾಲಿ ಇದ್ರೆ ಅದಕ್ಕೆ ಆರಾಮ ಕಣೇ. ಏಕಾದಶಿ ಉಪವಾಸ ಮಾಡ್ತೀಯಲ್ಲ, ಸತ್ತೋದ್ಯಾ ನೀನು? ಗುಡ್ಡ ಕಾಯೋನು ಹೇಳ್ದ, ಇವಳು ಕೇಳಿದ್ಲು!"

ಟ್ರಂಕಿನೊಳಗೆ ಹೋಯಿತು. ಬೀಗದ ಕೈ ಅವರ ಉಡುದಾರದಲ್ಲಿ. ಮುಂದಿನ ಅಮಾವಾಸ್ಯೆಗೆ ಕೇಳಿದೆ, ಅದರ ಮುಂದಿನದಕ್ಕೂ ಕೇಳಿದೆ. "ನಿನ್ ತಮ್ಮ ಕೊಟ್ಟಿದ್ದನ್ನ ಯಾರೂ ನುಂಗಾಕಿಲ್ಲ, ಬಿಡು" ಎಂದು ಉತ್ತರ ಬಂತು. ಆಯುಧಪೂಜೆಗೆ ಹೊರಗೆ ಬಂತು. ಕುಡುಗೋಲು, ಈಳಿಗೆಮಣೆ, ಅವರ ತೂಬು ಎತ್ತುವ ಹಿಡಿ, ಇವುಗಳ ಸಾಲಿನಲ್ಲಿ ಕೂತು ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಕರ್ಪೂರದ ಆರತಿ ಎತ್ತಿಸಿಕೊಂಡು, ಮತ್ತೆ ಖಾಲಿ ಹೊಟ್ಟೆಯಲ್ಲೇ ಟ್ರಂಕು ಸೇರಿತು. ಪೂಜೆಯಾಯಿತು, ಊಟ ಹಾಕಲಿಲ್ಲ. ಆವತ್ತು ಆ ಬ್ಯಾಟ್ರಿಯನ್ನು ನೋಡಿ, ನಿನ್ನ ಹಾಗೆ ಬಾಳುವವರು ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ ತಾಯಿ ಅಂದುಕೊಂಡೆ. ಬಾಯಿ ಬಿಟ್ಟು ಅನ್ನಲಿಲ್ಲ. ಹಬ್ಬದ ದಿನ ಯಾಕೆ?

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಹಳೆಯ ಬ್ಯಾಟ್ರಿ ಅವರ ಕೈಜಾರಿ ನಾಲೆಗೆ ಬಿತ್ತು. ಹೊಸದನ್ನು ತೆಗೆದರು. ಅದಕ್ಕೆ ಉಸಿರೇ ಇಲ್ಲ. ಚಾರ್ಜಿಗೆ ಹಾಕಿದರೆ ಕೆಂಪು ದೀಪವೂ ಇಲ್ಲ, ಹಸಿರೂ ಇಲ್ಲ. ದ್ಯಾಮಕ್ಕ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು.

"ತಂಪಿಗೆ ಸೆಟಕೊಂಡೈತೆ. ಬಿಸಿಲಿಗೆ ಹಾಕಿದ್ರೆ ಬತ್ತದೆ."

"ಅಕ್ಕಾ, ಬ್ಯಾಡ್ರಿ! ಬಿಸಿಲು ಆಗಲ್ಲ ಅಂತ ತಿಪ್ಪೇಶ…"

"ಏ, ನಿನ್ ತಿಪ್ಪೇಶ ಹುಟ್ಟಾಕಿಂತ ಮುಂಚೆ ಸೆಲ್ಲು ಕಂಡೋಳು ನಾನು. ಬಿಸಿಲು ಮುಟ್ಟಿದ್ರೆ ಸಾಯೋಕೆ ಅದೇನು ಅರಮನೆ ರಾಣಿಯಾ?"

ನಾನು ಬೇರೆಯವರ ಕೈಯಿಂದ ಕಿತ್ತುಕೊಳ್ಳುವ ಹೆಂಗಸಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಇನ್ನೊಮ್ಮೆ ಹೇಳಿದೆ. ಇಡೀ ಮಧ್ಯಾಹ್ನ ಆ ಸೆಲ್ಲು ಕಾದ ತಾರಸಿಯ ಮೇಲೆ ಮೆಣಸಿನಕಾಯಿ ಸಂಡಿಗೆಯ ಪಕ್ಕ ಮಲಗಿತ್ತು. ಸಂಜೆ ತಂದು ಚಾರ್ಜಿಗೆ ಹಾಕಿದರು. ಕೆಂಪು ದೀಪ ಹತ್ತಿತು! ದ್ಯಾಮಕ್ಕ ನನ್ನ ಕಡೆ ನೋಡಿದ ನೋಟವನ್ನು ಏನು ಹೇಳಲಿ. ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಹಸಿರೂ ಬಂತು.

"ಇಷ್ಟು ಬೇಗ ತುಂಬ್ತಾ?" ಅಂದೆ. "ಮೊದಲು ಮೂರು ನಾಲ್ಕು ಗಂಟೆ ಹಿಡೀತಿತ್ತು. ಇದ್ಯಾಕೋ ಸರಿಯಿಲ್ಲ ಕಣ್ರಿ. ಎರಡು ತುತ್ತಿಗೇ ಹೊಟ್ಟೆ ತುಂಬ್ತು ಅಂದ್ರೆ ಕೂಸಿಗೆ ಹುಷಾರಿಲ್ಲ ಅಂತ ಅರ್ಥ."

"ಬೇಗ ತುಂಬಿದ್ರೂ ತಪ್ಪು ಇವಳಿಗೆ" ಅಂದರು ಯಜಮಾನರು.

ಮರುದಿನ ನಸುಕಿಗೆ ಅದನ್ನೇ ಹಿಡಿದು ಹೋದರು. ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆ ಬಿಡುತ್ತಿದ್ದೆ. ಪೂರ್ವದಲ್ಲಿ ಇನ್ನೂ ಬೂದಿ ಬಣ್ಣ. ಎದುರುಮನೆಯವನೂ ಅವನ ಅಣ್ಣನೂ ಅವರನ್ನು ಕೈಗೆ ಕೈ ಹೆಣೆದು ಎತ್ತಿಕೊಂಡು ಬಂದರು. ತೂಬಿನ ಹತ್ತಿರ ಕಲ್ಲು ಮೆಟ್ಟಿಲು ಇಳಿಯುವಾಗ ಬ್ಯಾಟ್ರಿ ಒಂದೇ ಸಲ ಆರಿತಂತೆ. ಕಾಲು ಜಾರಿ ಕಲ್ಲಿನ ಮೇಲೆ ಬಿದ್ದು ತೊಡೆಯ ಎಲುಬು ಮುರಿದಿತ್ತು. ಒಂದು ಮೆಟ್ಟಿಲು ಆ ಕಡೆಗೆ ಬಿದ್ದಿದ್ದರೆ ತುಂಬಿ ಹರಿಯುವ ನೀರು. ಕಲ್ಲಿನ ಕಡೆಗೆ ಬೀಳಿಸಿದಳಲ್ಲ ಮಾರಮ್ಮ, ಅದನ್ನು ಇವತ್ತಿಗೂ ನೆನೆಯುತ್ತೇನೆ. ಕಾಲು ಮುರಿದ ಗಂಡನನ್ನು ನೋಡಿ ಕೈ ಮುಗಿದೆ ಎಂದು ಆವತ್ತು ದ್ಯಾಮಕ್ಕ ನನ್ನನ್ನು ಬೈದರು. ದೇವರ ಲೆಕ್ಕ ಅವರಿಗೆ ಬೇರೆ, ನನಗೆ ಬೇರೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ನೋವು ತಡೆಯಲಾರದ ಗಂಡಸಿಗೆ ಯಾರ ಮೇಲಾದರೂ ಹೊರಿಸಬೇಕು. ಹಾಸಿಗೆಯಿಂದಲೇ ಹೊಳಲ್ಕೆರೆಗೆ ಫೋನು ಮಾಡಿದರು. ವಾರ್ಡಿಗೆ ವಾರ್ಡೇ ಕೇಳಿತು.

"ನಿನ್ ಬ್ಯಾಟ್ರಿ ನನ್ ಕಾಲು ತಿಂತು ಕಣಲೇ! ಕೆಟ್ಟ ಮಾಲು ಬಾವಂಗೆ ಸಾಗಹಾಕಿದ್ಯಲ್ಲ! ತಪ್ಪಾತು ಅಂತ ಬಂದು ಒಪ್ಕಂಡ್ರೆ ನನ್ ಹೊಸ್ತಿಲು ತುಳಿ. ಇಲ್ಲ, ನಿನ್ ಅಕ್ಕನ್ನೂ ಕರ್ಕಂಡು ಹೋಗು, ಇಬ್ರೂ ಸೇರಿ ಗುಡ್ಡ ಕಾಯ್ರಿ!"

ನಾನು ಮಂಚದ ಪಕ್ಕದಲ್ಲೇ ಇದ್ದೆ, ಕೈಯಲ್ಲಿ ಗಂಜಿಯ ಲೋಟ. ಆಮೇಲೆ ಮೆಲ್ಲಗೆ, ಟ್ರಂಕಿನಲ್ಲಿ ಖಾಲಿ ಇಟ್ಟಿದ್ದು, ತಾರಸಿಯ ಮೇಲೆ ಹಾಕಿದ್ದು, ಎಲ್ಲ ನೆನಪಿಸಿದೆ. "ಅಂದ್ರೆ ನನ್ ಕಾಲು ನಾನೇ ಮುರ್ಕಂಡೆ ಅಂತೀಯಾ?" ಎಂದು ಕೇಳಿದರು. ಗಂಜಿ ಕುಡಿಸಿದೆ.

ಪಂಚಮಿ ಬಂತು. ತಿಪ್ಪೇಶ ಬರುತ್ತಾನೋ ಇಲ್ಲವೋ ಎಂದು ಬೆಳಗಿನಿಂದ ನಾನು ತಂಬಿಟ್ಟಿನ ಉಂಡೆ ಕಟ್ಟುತ್ತಾ ಬಸ್ಸಿನ ಸದ್ದಿಗೆ ಕಿವಿಗೊಟ್ಟಿದ್ದೆ. ಬಂದ. ಕೈಯಲ್ಲಿ ಕಾಯಿ, ಹೂವು, ಬಾವನಿಗೆ ದಾಳಿಂಬೆ. ಸೊಂಟದ ಪಟ್ಟಿಯಲ್ಲಿ ಅದೇ ಬ್ಯಾಟ್ರಿಯ ಜೋಡಿ ಸಿಕ್ಕಿಸಿಕೊಂಡಿದ್ದ. ಕೆಲಸ ಮುಗಿಸಿ ಹಾಗೆಯೇ ಬಂದವನು. ಬಾಗಿಲಲ್ಲಿ ನಿಂತವನು ಒಂದು ಕ್ಷಣ ಕೆಳಗೆ ನೋಡಿ, ಅಂಗಿಯನ್ನು ಹೊರಗೆ ಎಳೆದು ಅದರ ಮೇಲೆ ಬಿಟ್ಟುಕೊಂಡ. ನಾನು ಕಂಡೆ.

"ಹೆಂಗೈತೆ ಬಾವ ಕಾಲು?"

"ಐತೆ. ಐತೆ ಅನ್ನೋದಷ್ಟೇ."

"ಕುಂತ್ಕಳಪ್ಪ" ಅಂದರು ದ್ಯಾಮಕ್ಕ ಅಡುಗೆಮನೆ ಬಾಗಿಲಿನಿಂದ. "ನಿಂತೂ ನಿಂತೂ ನಿನ್ ಕಾಲೂ ಹೋದಾತು."

ಅವನು ಕೂರಲಿಲ್ಲ. "ಬ್ಯಾಟ್ರಿ ತಾರಕ್ಕ, ನೋಡಾಣ" ಅಂದ. ತಂದುಕೊಟ್ಟೆ. ಹಿಂದಿನ ಮುಚ್ಚಳ ತಿರುಗಿಸಿ ಸೆಲ್ಲನ್ನು ಅಂಗೈಗೆ ಜಾರಿಸಿದ. ನೀಲಿ ಪ್ಲಾಸ್ಟಿಕ್ಕಿನ ಅಂಚು ಒಣಮೆಣಸಿನಕಾಯಿಯ ಹಾಗೆ ಸುರುಟಿಕೊಂಡಿತ್ತು. ಹೆಬ್ಬೆರಳಿನಿಂದ ಸವರಿದ. ಅದರ ಮೇಲೆ ಸಂಡಿಗೆಯ ಖಾರದ ಪುಡಿ ಇನ್ನೂ ಅಂಟಿತ್ತು. ಅವನ ಕಣ್ಣು ತಾರಸಿಯ ಮೆಟ್ಟಿಲಿಗೆ ಹೋಯಿತು, ಟ್ರಂಕಿನ ಬೀಗಕ್ಕೆ ಹೋಯಿತು, ಆಮೇಲೆ ನನ್ನ ಮುಖಕ್ಕೆ ಬಂತು. ಗಾಳಿಯಂತ್ರದ ಕಾವಲಿನವನು ಎಂದು ಇವರು ಹಂಗಿಸುತ್ತಾರಲ್ಲ, ಕಾವಲಿನವನಿಗೆ ಕಣ್ಣೇ ಕೆಲಸ. ನಾನು ಬಾಯಿ ತೆಗೆದೆ. ಅವನು ನನಗಿಂತ ಮೊದಲು ಮಾತಾಡಿದ.

"ಬಾವ, ತಪ್ಪು ನಂದೇ. ಕೆಟ್ಟ ಮಾಲು. ಅಂಗಡಿಯೋನು ನಂಗೆ ಮೋಸ ಮಾಡ್ದ, ನಾನು ನೋಡ್ಕಳಲಿಲ್ಲ. ಕ್ಷಮಿಸಿಬಿಡ್ರಿ."

ಯಜಮಾನರು ದಿಂಬಿಗೆ ಒರಗಿ ಕಣ್ಣು ಮುಚ್ಚಿ, ದೊಡ್ಡ ಮನುಷ್ಯನ ಮುಖ ಮಾಡಿ ಅಂದರು: "ಒಪ್ಕಂಡ್ಯಲ್ಲ. ಗಂಡಸು ಅಂದ್ರೆ ಅದು. ದ್ಯಾಮಕ್ಕ, ಎಲೆ ಹಾಕು."

ಮನೆಯಲ್ಲಿ ತಟ್ಟನೆ ಹಬ್ಬವಾಯಿತು. ದ್ಯಾಮಕ್ಕ ಅವನ ಎಲೆಗೆ ತುಪ್ಪವನ್ನು ಎರಡು ಸಲ ಬಡಿಸಿದರು. ಅವರ ಕೈಯಿಂದ ಯಾರಿಗೂ ಎರಡನೇ ಸಲ ತುಪ್ಪ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ತಿಪ್ಪೇಶ ತಲೆ ತಗ್ಗಿಸಿ ಉಂಡ.

ಬಸ್ಸು ಹತ್ತಿಸಲು ಹೋದಾಗ ಕೇಳಿದೆ: "ಯಾಕೋ ಹಂಗಂದೆ? ನಿನ್ ಸೊಂಟದಾಗೆ ಅದರ ಜೋಡಿ ಇನ್ನೂ ಉರೀತೈತಲ್ಲೋ!"

"ನಾನು ಸಂಜೆ ಬಸ್ಸಿಗೆ ಹೋಗೋನು. ನೀನು ಇಲ್ಲೇ ಇರಬೇಕಲ್ಲಕ್ಕ" ಅಂದ.

ಇದಾದ ಮೇಲೆ ಒಂದು ಅನುಕೂಲವಾಯಿತು, ಅದನ್ನೂ ಹೇಳಬೇಕು. ದೇವರು ಕೊಟ್ಟದ್ದನ್ನು ಮುಚ್ಚಿಟ್ಟರೆ ಅದೂ ಪಾಪ. ಹೊಸದೊಂದು ಬ್ಯಾಟ್ರಿ ಕೊಂಡರು. ತಂದು ನನ್ನ ಕೈಗೆ ಹಾಕಿದರು. ನೀನು ಹೇಳಿದ್ದು ಸರಿ ಎಂದು ಯಾರೂ ಅನ್ನಲಿಲ್ಲ, ಆದರೆ ಟ್ರಂಕಿನ ಮಾತೂ ಬರಲಿಲ್ಲ. ನೀರಿನ ಗಡಿಗೆ ಇಡುವ ಗೋಡೆಯ ಪಕ್ಕ ಒಂದು ಗೂಡಿದೆ, ಬೇಸಿಗೆಯಲ್ಲೂ ತಣ್ಣಗೆ. ನೀರು ತಾಗದ ಹಾಗೆ ಮೇಲಿನ ಅಂಕಣದಲ್ಲಿ ಅದನ್ನು ಇಟ್ಟಿದ್ದೇನೆ. ನಾಲೆಗೆ ನೀರು ಬಿಡದ ತಿಂಗಳುಗಳಲ್ಲಿ ಅರ್ಧ ಚಾರ್ಜು, ಮುಚ್ಚಳ ಸಡಿಲ. ಅಮಾವಾಸ್ಯೆಗೆ ದೇವರ ದೀಪದ ಕಂಬ ಹುಣಸೆಹಣ್ಣು ಹಾಕಿ ತಿಕ್ಕುವ ದಿನವೇ ಇದರ ಮುಖವನ್ನೂ ನೋಡುವುದು. ಎರಡೂ ದೀಪವೇ ತಾನೆ? ಒಂದಕ್ಕೆ ಎಣ್ಣೆ, ಒಂದಕ್ಕೆ ಕರೆಂಟು. ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕೂತು ದೇವರ ನಾಮ ಹೇಳಿಕೊಳ್ಳುತ್ತೇನೆ. ಮೈ ಬಿಸಿಯಾಯಿತೇ ಎಂದು ಆಗಾಗ ಮುಟ್ಟಿ ನೋಡುತ್ತೇನೆ, ಜ್ವರದ ಮಗುವನ್ನು ಮುಟ್ಟಿದ ಹಾಗೆ. ಎದುರುಮನೆಯವಳು ಒಮ್ಮೆ ಕಂಡು, "ಏನ್ರಿ ಅಕ್ಕಾ, ಬ್ಯಾಟ್ರಿಗೂ ಮಂತ್ರ ಹಾಕ್ತೀರಾ?" ಅಂದಳು. ಹೂಂ ಅಂದೆ. ನನ್ನ ಮಾತು ಕೇಳುವುದು ಇದೊಂದೇ. ಅದರ ಹತ್ತಿರವಾದರೂ ಮಾತಾಡಬಾರದೇ?

ಕಾಲು ಕೂಡಿತು. ಕೋಲು ಹಿಡಿದು ನಡೆಯತೊಡಗಿದರು. ನಡೆದಲ್ಲೆಲ್ಲ ಕಥೆಯೂ ನಡೆಯಿತು. ನಾಲೆಯ ಮೇಲೆ, ಹಿರಿಯೂರಿನ ಸಂತೆಯಲ್ಲಿ, ಮದುವೆ ಪಂಕ್ತಿಯಲ್ಲಿ: "ನನ್ ಭಾಮೈದ ಕೊಟ್ಟ ಬ್ಯಾಟ್ರಿ ಕಣ್ರಿ. ನಾನು ಹೇಳಾದಲ್ಲ, ಅವನೇ ಒಪ್ಕಂಡ." ಮಾತಿಗೆ ಬಸ್ಸು ಬೇಕಿಲ್ಲ; ಹೊಳಲ್ಕೆರೆಗೂ ಹೋಗಿ ಮುಟ್ಟಿತು. ನೆಂಟರ ಮನೆಯ ಮದುವೆಯಲ್ಲಿ ತಿಪ್ಪೇಶನನ್ನು ಯಾರೋ, "ಏನಪ್ಪ ಬ್ಯಾಟ್ರಿ ಸಾಹುಕಾರ, ಈ ಸಲ ಯಾರ ಕಾಲು?" ಎಂದು ಕರೆದರಂತೆ. ಸುತ್ತ ಕೂತವರು ನಕ್ಕರಂತೆ. ಅವನ ಹೆಂಡತಿ ಫೋನಿನಲ್ಲಿ ಹೇಳಿದಳು; ಅವನು ಹೇಳಲಿಲ್ಲ. ಮರುವರ್ಷದ ಪಂಚಮಿಗೆ ಅವನ ಫೋನು ಬಂತು: "ರಜಾ ಸಿಗಲಿಲ್ಲಕ್ಕ." ಹಾಲನ್ನು ಹುತ್ತಕ್ಕೆ ಎರೆದು, ಉಳಿದದ್ದನ್ನು ಬಾಗಿಲ ಬಲಗಡೆಯ ಗೋಡೆಗೆ ಮುಟ್ಟಿಸಿ ಒಳಗೆ ಬಂದೆ. ಅಣ್ಣತಮ್ಮಂದಿರು ಇಲ್ಲದವರು ಹಾಗೆ ಮಾಡುತ್ತಾರೆ. ನನ್ನ ಬಸ್ಸು ನಿಂತುಹೋಯಿತು.

ಈ ವರ್ಷ ಪಂಚಮಿಯ ಹಿಂದಿನ ದಿನ ಮಧ್ಯಾಹ್ನದ ಊಟಕ್ಕೆ ಬಡಿಸುತ್ತಾ ಹೇಳಿದೆ: "ನಾಳೆ ನಾನೇ ಹೊಳಲ್ಕೆರೆಗೆ ಹೋಗ್ತೀನಿ."

"ಯಾಕೆ? ಬೇಕಾದ್ರೆ ಅವನೇ ಬರಲಿ. ನಾನೇನು ಬ್ಯಾಡ ಅಂದಿನಾ?" ಅಂದರು ಯಜಮಾನರು ಮುದ್ದೆ ಮುರಿಯುತ್ತಾ.

ಅಷ್ಟು ವರ್ಷ ಒಳಗೆ ಸೇರಿದ್ದ ಮಾತು ಸೌಟು ಹಿಡಿದ ಕೈಯಲ್ಲೇ ಹೊರಗೆ ಬಂತು. ದ್ಯಾಮಕ್ಕನೂ ಅಲ್ಲೇ ಕೂತಿದ್ದರು.

"ಖಾಲಿ ಮಾಡಿ ಬೀಗ ಹಾಕಿದ್ದು ನೀವು. ಬಿಸಿಲಿಗೆ ಹಾಕಿದ್ದು ಅಕ್ಕ. ಬ್ಯಾಡ ಅಂದಿದ್ದು ನಾನು. ತಪ್ಪು ಹೊತ್ಕಂಡಿದ್ದು ನನ್ ತಮ್ಮ. ಅವನ ಬ್ಯಾಟ್ರೀಲಿ ಯಾವ ಮೋಸನೂ ಇರಲಿಲ್ಲ."

ದ್ಯಾಮಕ್ಕ ಎಲೆಯಲ್ಲಿ ಸೊಪ್ಪಿನ ಕಡ್ಡಿ ಹುಡುಕತೊಡಗಿದರು. ಯಜಮಾನರು ಸಿಟ್ಟಾಗಲಿಲ್ಲ. ತುತ್ತು ನುಂಗಿ, ಸಾರಿಗೆ ಕೈ ಚಾಚಿದರು.

"ಗೊತ್ತು" ಅಂದರು.

"ಏನು ಗೊತ್ತು?"

"ಎಲ್ಲಾ. ಆವತ್ತೇ ಗೊತ್ತಿತ್ತು. ಅದರ ಜೋಡಿ ಅವನ ಸೊಂಟದಾಗೇ ಇತ್ತಲ್ಲ, ಅಂಗಿ ಒಳಗೆ ಮುಚ್ಕಂಡ. ನಂಗೂ ಕಣ್ಣವೆ."

"ಗೊತ್ತಿದ್ದೂ ಊರೆಲ್ಲ ಹೇಳ್ಕಂಡು ಬಂದ್ರಾ?"

"ಅವನೇ ಒಪ್ಕಂಡ ಮ್ಯಾಲೆ ನಾನ್ಯಾಕೆ ಒಪ್ಕಬೇಕು? ಸಾರು ಬಿಡು."

ಬಿಟ್ಟೆ. ಇನ್ನೇನು ಮಾಡಲಿ, ಎದುರಿಗೆ ಉಣ್ಣುವ ಮನುಷ್ಯ. ಅವರಿಗೆ ಗೊತ್ತಿಲ್ಲ ಎಂದುಕೊಂಡು ಎರಡು ವರ್ಷ ಅವರನ್ನು ಕ್ಷಮಿಸುತ್ತಿದ್ದೆ ನಾನು. ತಿಳಿಯದವರು, ಮುಂಗೋಪಿಗಳು, ನೋವು ತಿಂದವರು ಎಂದು ದಿನವೂ ದೇವರ ಮುಂದೆ ಅವರ ಪರವಾಗಿ ವಕಾಲತ್ತು ಮಾಡುತ್ತಿದ್ದೆ. ಆ ಕ್ಷಮೆಯೂ ಆವತ್ತು ಊಟದ ಜೊತೆಗೆ ಮುಗಿಯಿತು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ಹೊಳಲ್ಕೆರೆಗೆ ಹೋಗಬೇಡ ಎಂದು ಮಾತ್ರ ಅವರು ಅನ್ನಲಿಲ್ಲ. ಅದನ್ನು ಕರುಣೆಯ ಲೆಕ್ಕಕ್ಕೆ ಬರೆದುಕೊಳ್ಳಲು ಬಹಳ ಹೊತ್ತು ಪ್ರಯತ್ನಪಟ್ಟೆ.

ಬೆಳಗಿನ ಬಸ್ಸಿಗೆ ಹೊರಟೆ. ತಿಪ್ಪೇಶ ಬಾಗಿಲಲ್ಲಿ ನನ್ನನ್ನು ಕಂಡು, "ಅಯ್ಯೋ ಅಕ್ಕ, ನೀನ್ಯಾಕೆ ಬರಾಕೆ ಹೋದೆ?" ಎಂದು ಚೀಲ ಇಸಿದುಕೊಂಡ. ತಲೆ ಅರ್ಧ ಬೆಳ್ಳಗಾಗಿತ್ತು. ಅವನ ಹೆಂಡತಿ ಮಣೆ ಹಾಕಿದಳು. ಅಂಗಿ ತೆಗೆದು, ಗೋಡೆಯ ಕಡೆ ಮುಖ ಮಾಡಿ ಕೂತ. ನಾನು ಹೂವನ್ನು ಹಾಲಿನಲ್ಲಿ ಅದ್ದಿದೆ. ದಾರಿಯುದ್ದಕ್ಕೂ ಒಂದೇ ನಿಶ್ಚಯ ಮಾಡಿಕೊಂಡು ಬಂದಿದ್ದೆ: ಬಾವನಿಗೆ ಎಲ್ಲ ಗೊತ್ತಿತ್ತು, ಬೇಕೆಂದೇ ನಿನ್ನನ್ನು ಊರ ಬಾಯಿಗೆ ಹಾಕಿದರು, ಇನ್ನು ಅವರ ಮುಂದೆ ತಲೆ ತಗ್ಗಿಸಬೇಡ ಎಂದು ಹೇಳಿಬಿಡಬೇಕು.

"ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ" ಎಂದು ಹಾಲು ಮುಟ್ಟಿಸಿದೆ.

ಆ ಕಡೆಗೆ ಮುಖ ಮಾಡಿಕೊಂಡೇ ಅವನು ಕೇಳಿದ: "ಅಕ್ಕ, ಬಾವ ಏನಾದ್ರೂ ಅಂದ್ರಾ, ನನ್ನ ವಿಚಾರ?"

ಎರಡು ವರ್ಷ ಅದನ್ನೇ ಕಾಯುತ್ತಿದ್ದ ದನಿ ಅದು. ಪಂಚಮಿಯ ದಿನ, ಕೈಯಲ್ಲಿ ನಾಗಪ್ಪನಿಗೆ ಎರೆದು ಮಿಕ್ಕ ಹಾಲು.

"ಅಂದ್ರು ಕಣೋ" ಅಂದೆ. "ತಿಪ್ಪೇಶ ಮೋಸದ ಮಾಲು ತರೋನಲ್ಲ, ನಂಗೆ ಆವತ್ತೇ ಗೊತ್ತಿತ್ತು ಅಂದ್ರು."

ಅವನ ಬೆನ್ನು ಒಂದು ಸಲ ಮೇಲಕ್ಕೆ ಬಂದು ಇಳಿಯಿತು. ಹಾಲು ಸೊಂಟದವರೆಗೆ ಹರಿದರೂ ಅವನು ಒರೆಸಿಕೊಳ್ಳಲಿಲ್ಲ.